ಬಾಟಲಿಯ ಮೇಲಿನ ಬರಹ ಮಳೆಗಾಲ ದಾಟಬೇಕು: ಮನೆಯೊಳಗಿನ ಅಪಾಯಕಾರಿ ವಸ್ತುಗಳ ಲೇಬಲ್ ಓದುವ, ಕಾಪಾಡುವ ಕ್ರಮ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ತೋಟದ ಮನೆಗಳಲ್ಲಿ ಖಾಲಿಯಾದ ಬಾಟಲಿಯನ್ನು ಎಸೆಯುವ ರೂಢಿಯಿಲ್ಲ. ತೊಳೆದು ಒಣಗಿಸಿ ಇಟ್ಟ ಬಾಟಲಿ ಒಂದು ವರ್ಷ ಮುರುಗಲು ಶರಬತ್ತಿಗೆ, ಇನ್ನೊಂದು ವರ್ಷ ಜೇನುತುಪ್ಪಕ್ಕೆ, ಮತ್ತೊಮ್ಮೆ ಜೋನಿ ಬೆಲ್ಲಕ್ಕೆ ಒದಗುತ್ತದೆ. ಕರಾವಳಿಯಲ್ಲೂ ಹಾಗೆಯೇ; ನಾಡದೋಣಿಯ ಎಂಜಿನ್ನಿಗೆ ತಂದ ಸೀಮೆಎಣ್ಣೆಯಲ್ಲಿ ಉಳಿದ ಸ್ವಲ್ಪ ಭಾಗ ಕುಡಿಯುವ ನೀರಿನ ಬಾಟಲಿಯೊಂದನ್ನು ಸೇರಿ ಅಡುಗೆಮನೆಯ ಮೂಲೆಯಲ್ಲಿ ನಿಲ್ಲುತ್ತದೆ. ಈ ಮಿತವ್ಯಯದ ಬಗ್ಗೆ ನನಗೆ ಗೌರವವಿದೆ. ಆದರೆ ನಮ್ಮ ಮನೆಯಲ್ಲಿಯೇ ಒಮ್ಮೆ, ದೋಸೆಗೆ ಜೋನಿ ಬೆಲ್ಲ ತರಲು ಹೋದ ಹುಡುಗನೊಬ್ಬ ನೀರು ಬೆರೆಸದ ಕಪ್ಪು ಫಿನಾಯಿಲ್ ತುಂಬಿದ್ದ ಬಾಟಲಿಯನ್ನು ಎತ್ತಿಕೊಂಡು ಬಂದಿದ್ದ. ಎರಡರ ಬಣ್ಣವೂ ಒಂದೇ, ಬಾಟಲಿಯೂ ಒಂದೇ ಬಗೆಯದು. ಮುಚ್ಚಳ ತೆರೆದಾಗ ಬಡಿದ ವಾಸನೆಯಿಂದಾಗಿ ಅದು ತಟ್ಟೆಯವರೆಗೆ ಹೋಗಲಿಲ್ಲ. ಎಲ್ಲ ವಿಷಗಳಿಗೂ ಅಂತಹ ವಾಸನೆ ಇರುವುದಿಲ್ಲ.

ಅಪಾಯಕಾರಿ ವಸ್ತುವನ್ನು ತಯಾರಿಸುವವರ ಮೇಲೆ ಸರ್ಕಾರ ಹೇರುವ ಷರತ್ತುಗಳು ಹಲವು. ಆದರೆ ಅವುಗಳಲ್ಲಿ ನಮ್ಮ ಮನೆಯ ಹೊಸ್ತಿಲು ದಾಟಿ ಒಳಗೆ ಬರುವುದು ಡಬ್ಬಿಗೆ ಅಂಟಿಸಿದ ಲೇಬಲ್ ಮತ್ತು ಅದರೊಂದಿಗಿನ ಮಡಿಸಿದ ಕರಪತ್ರ ಮಾತ್ರ. ವಸ್ತುವನ್ನು ಬೇರೆ ಬಾಟಲಿಗೆ ಸುರಿದ ಕ್ಷಣದಲ್ಲಿ ಆ ಕಾನೂನೂ ಮನೆಯಿಂದ ಹೊರಗೆ ಹೋಗುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯ ಮೊದಲ ಸೂಚನೆ ಇದು: ಯಾವ ವಿಷವಸ್ತುವನ್ನೂ ಅದು ಬಂದ ಡಬ್ಬಿಯಿಂದ ಬೇರ್ಪಡಿಸಬೇಡಿ.

ಯಾವ ವಸ್ತುವಿಗೆ ಯಾವ ಕಾನೂನು

ಮನೆಬಳಕೆಯ ಅಪಾಯಕಾರಿ ವಸ್ತುಗಳೆಲ್ಲಕ್ಕೂ ಅನ್ವಯಿಸುವ ಒಂದೇ ಕಾಯ್ದೆ ನಮ್ಮ ದೇಶದಲ್ಲಿಲ್ಲ. ಒಂದೊಂದು ಡಬ್ಬಿಯ ಹಿಂದೆ ಒಂದೊಂದು ಕಾಯ್ದೆ ನಿಂತಿದೆ. ತೋಟಕ್ಕೆ ಹೊಡೆಯುವ ಮದ್ದು, ಇಲಿ ಪಾಷಾಣ, ಜಿರಳೆಗೆ ಹೊಡೆಯುವ ಸ್ಪ್ರೇ, ಇರುವೆಗೆ ಗೆರೆ ಎಳೆಯುವ ಚಾಕ್, ಸೊಳ್ಳೆ ಬತ್ತಿ ಇವೆಲ್ಲ 1968ರ ಕೀಟನಾಶಕ ಕಾಯ್ದೆ ಮತ್ತು 1971ರ ಕೀಟನಾಶಕ ನಿಯಮಗಳ ವ್ಯಾಪ್ತಿಗೆ ಬರುತ್ತವೆ. ಆ್ಯಸಿಡ್ಡಿನ ಚಿಲ್ಲರೆ ಮಾರಾಟಕ್ಕೆ 1919ರ ವಿಷಗಳ ಕಾಯ್ದೆ ಮತ್ತು ಅದರ ಅಡಿಯಲ್ಲಿ ರಾಜ್ಯ ರೂಪಿಸುವ ನಿಯಮಗಳು ಅನ್ವಯಿಸುತ್ತವೆ. ಫಿನಾಯಿಲ್‌ನಂತಹ ಸೋಂಕುನಿವಾರಕಗಳನ್ನು ಔಷಧಗಳ ಕಾನೂನು ನೋಡಿಕೊಳ್ಳುತ್ತದೆ. ಇವೆಲ್ಲದರ ಜೊತೆಗೆ, ಪೊಟ್ಟಣದಲ್ಲಿ ಮಾರುವ ಯಾವುದೇ ಸರಕಿನ ಮೇಲೆ ತಯಾರಕರ ಹೆಸರು ಮತ್ತು ವಿಳಾಸ, ನಿವ್ವಳ ಪ್ರಮಾಣ, ತಯಾರಾದ ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ, ದೂರು ಹೇಳಲು ದೂರವಾಣಿ ಸಂಖ್ಯೆ ಇರಬೇಕೆಂದು 2011ರ ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸರಕುಗಳ) ನಿಯಮಗಳು ವಿಧಿಸುತ್ತವೆ.

ಕೀಟನಾಶಕ ಕಾಯ್ದೆ ಹುಟ್ಟಿದ ಹಿನ್ನೆಲೆಯನ್ನು ನಮ್ಮ ಕರಾವಳಿಯವರು ತಿಳಿದಿರಬೇಕು. 1958ರಲ್ಲಿ ಹಡಗಿನಲ್ಲಿ ಆಹಾರಧಾನ್ಯದ ಜೊತೆಯಲ್ಲಿಯೇ ಸಾಗಿಸಿದ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸೋರಿ ಗೋಧಿ ಹಿಟ್ಟಿಗೆ ಬೆರೆತು, ಅದನ್ನು ತಿಂದ ನೂರಕ್ಕೂ ಹೆಚ್ಚು ಜನ ಕೇರಳದಲ್ಲಿ ಸತ್ತರು. ಅನ್ನ ಮತ್ತು ವಿಷ ಒಂದೇ ಜಾಗದಲ್ಲಿ ಇದ್ದುದೇ ಆ ದುರಂತದ ಮೂಲ. ಅಕ್ಕಿ ಮೂಟೆಯ ಪಕ್ಕದಲ್ಲಿ ಇಲಿ ಪಾಷಾಣ ಇಡುವ ಉಗ್ರಾಣದಲ್ಲಿ ಇರುವುದೂ ಅದೇ ತಪ್ಪು.

ಬಣ್ಣದ ತ್ರಿಕೋನವನ್ನು ಓದುವುದು

ಕೀಟನಾಶಕದ ಯಾವುದೇ ಡಬ್ಬಿಯಲ್ಲಿ ಮೊದಲು ಹುಡುಕಬೇಕಾದುದು, ಮೂಲೆಯ ಮೇಲೆ ನಿಂತ ಚೌಕ. ಲೇಬಲ್ಲಿನ ಮುಖಭಾಗದ ಹದಿನಾರನೆಯ ಒಂದು ಪಾಲಿಗಿಂತ ಅದು ಚಿಕ್ಕದಾಗಿರಬಾರದೆಂದು ನಿಯಮವಿದೆ. ಚೌಕವನ್ನು ಅಡ್ಡಗೆರೆಯೊಂದು ಎರಡು ತ್ರಿಕೋನಗಳಾಗಿ ಸೀಳುತ್ತದೆ. ಮೇಲಿನದರಲ್ಲಿ ಎಚ್ಚರಿಕೆಯ ಪದ, ಕೆಳಗಿನದರಲ್ಲಿ ಬಣ್ಣ.

ಕೆಳಗೆ ಕಡುಗೆಂಪು ಇದ್ದರೆ ಅದು ಅತ್ಯಂತ ವಿಷಕಾರಿ; ಮೇಲೆ ತಲೆಬುರುಡೆ ಮತ್ತು ಅಡ್ಡ ಮೂಳೆಗಳ ಚಿತ್ರದೊಂದಿಗೆ ‘ಪಾಯ್ಸನ್’ ಎಂದು ಕೆಂಪಕ್ಷರದಲ್ಲಿ ಬರೆದಿರುತ್ತದೆ. ಹಳದಿ ಇದ್ದರೆ ಹೆಚ್ಚು ವಿಷಕಾರಿ. ಅಲ್ಲಿಯೂ ‘ಪಾಯ್ಸನ್’ ಎಂಬ ಪದ ಕೆಂಪಿನಲ್ಲಿಯೇ ಇರುತ್ತದೆ, ಬುರುಡೆಯ ಚಿತ್ರ ಇರುವುದಿಲ್ಲ. ನೀಲಿಯದು ಮಧ್ಯಮ, ಪದ ‘ಡೇಂಜರ್’. ಹಸಿರಿನದು ಅಲ್ಪ ವಿಷಕಾರಿ, ಪದ ‘ಕಾಷನ್’. ಈ ವಿಂಗಡಣೆಗೆ ಆಧಾರ, ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು ದೇಹತೂಕದ ಒಂದು ಕಿಲೋಗೆ ಎಷ್ಟು ಮಿಲಿಗ್ರಾಂ ಹೊಟ್ಟೆಗೆ ಹೋಗಬೇಕೆಂಬ ಲೆಕ್ಕ: ಕೆಂಪಿಗೆ 1ರಿಂದ 50, ಹಳದಿಗೆ 51ರಿಂದ 500, ನೀಲಿಗೆ 501ರಿಂದ 5000, ಹಸಿರಿಗೆ ಅದಕ್ಕಿಂತ ಹೆಚ್ಚು. ಪ್ರಾಣಿಗಳ ಲೆಕ್ಕವನ್ನು ಮನುಷ್ಯರಿಗೆ ನೇರವಾಗಿ ಹಾಕಲಾಗದು. ಆದರೂ 10 ಕಿಲೋ ತೂಕದ ಮಗುವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಗುಣಿಸಿ ನೋಡಿದರೆ, ಕೆಂಪು ವರ್ಗದಲ್ಲಿ ಅರ್ಧ ಗ್ರಾಂಗಿಂತ ಹೆಚ್ಚು ಬೇಕಾಗುವುದಿಲ್ಲವೆಂಬ ಅಂದಾಜು ಸಿಗುತ್ತದೆ. ಅದು ಮುಚ್ಚಳದ ಅಂಚಿಗೆ ಹತ್ತಿಕೊಳ್ಳುವಷ್ಟು ಪ್ರಮಾಣ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಲೇಬೇಕು. ಬಿಸ್ಕತ್ತಿನ ಪೊಟ್ಟಣದ ಮೇಲೆ ಹಸಿರು ಚುಕ್ಕೆ ನೋಡಿ ನೆಮ್ಮದಿಪಡುವ ಅಭ್ಯಾಸ ನಮಗಾಗಿದೆ. ಅದು ಸಸ್ಯಾಹಾರದ ಗುರುತು. ಕೀಟನಾಶಕದ ಮೇಲಿನ ಹಸಿರು ತ್ರಿಕೋನಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ‘ಹಸಿರಿದೆ, ತೊಂದರೆಯಿಲ್ಲ’ ಎಂದು ಬರಿಗೈಯಲ್ಲಿ ಕಲಸುವವರನ್ನು ನಾನು ಕಂಡಿದ್ದೇನೆ. ಹಸಿರು ಎಂದರೆ ಈ ನಾಲ್ಕು ವಿಷಗಳಲ್ಲಿ ಕಡಿಮೆಯದು ಎಂದಷ್ಟೇ ಅರ್ಥ, ಅದೂ ಒಮ್ಮೆಗೆ ಹೊಟ್ಟೆಗೆ ಹೋದಾಗಿನ ಮಾತು. ವರ್ಷಗಟ್ಟಲೆ ಉಸಿರಾಡಿದರೆ, ಚರ್ಮಕ್ಕೆ ತಗುಲಿದರೆ ಏನಾಗುತ್ತದೆ ಎಂಬುದನ್ನು ಆ ಬಣ್ಣ ಹೇಳುವುದಿಲ್ಲ.

ತ್ರಿಕೋನದ ನಂತರ ನೋಂದಣಿ ಸಂಖ್ಯೆಯನ್ನು ನೋಡಿ. ಫರೀದಾಬಾದಿನಲ್ಲಿರುವ ಕೇಂದ್ರ ಕೀಟನಾಶಕ ಮಂಡಳಿ ಮತ್ತು ನೋಂದಣಿ ಸಮಿತಿಯು ಪರಿಶೀಲಿಸಿ ಸಂಖ್ಯೆ ಕೊಡದ ಹೊರತು ಯಾವ ಕೀಟನಾಶಕವನ್ನೂ ಮಾರುವಂತಿಲ್ಲ. ಜಾತ್ರೆಯಲ್ಲಿಯೋ ಸಂತೆಯಲ್ಲಿಯೋ ಅಗ್ಗಕ್ಕೆ ಸಿಗುವ ಸೊಳ್ಳೆ ಅಗರಬತ್ತಿಯ ಪೊಟ್ಟಣವನ್ನು ತಿರುಗಿಸಿ ನೋಡಿದಾಗ ಆ ಸಂಖ್ಯೆ ಕಾಣದಿದ್ದರೆ, ಅದರ ಹೊಗೆಯಲ್ಲಿ ಏನಿದೆ ಎಂದು ಯಾವ ಅಧಿಕಾರಿಯೂ ಪರೀಕ್ಷಿಸಿಲ್ಲವೆಂದು ತಿಳಿದು ಅಲ್ಲಿಯೇ ಬಿಟ್ಟು ಬನ್ನಿ. ಆಮೇಲೆ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ, ವಿಷಬಾಧೆಯ ಲಕ್ಷಣಗಳು ಮತ್ತು ಪ್ರತಿವಿಷದ ಹೆಸರನ್ನು ಓದಿ. ಕೊನೆಯ ಎರಡು ಸಾಮಾನ್ಯವಾಗಿ ಒಳಗಿನ ಕರಪತ್ರದಲ್ಲಿ ಇರುತ್ತವೆ. ನಮ್ಮಲ್ಲಿ ಹೆಚ್ಚಿನವರು ಡಬ್ಬಿ ತೆರೆದ ಕೂಡಲೇ ಒಲೆಗೆ ಹಾಕುವುದು ಆ ಕರಪತ್ರವನ್ನೇ.

ಭಾಷೆಯ ವಿಷಯದಲ್ಲಿ ಕಾನೂನುಗಳ ನಡುವೆ ವ್ಯತ್ಯಾಸವಿದೆ. ಕೀಟನಾಶಕದ ಲೇಬಲ್ ಮತ್ತು ಕರಪತ್ರ ಮಾರಾಟವಾಗುವ ಪ್ರದೇಶದ ಭಾಷೆಯಲ್ಲಿಯೂ ಇರಬೇಕು. ಕರಪತ್ರದಲ್ಲಿ ಕನ್ನಡವಿಲ್ಲದಿದ್ದರೆ ಅಂಗಡಿಯವರನ್ನು ಕೇಳುವ ಹಕ್ಕು ನಿಮಗಿದೆ. ಪೊಟ್ಟಣ ಸರಕುಗಳ ನಿಯಮವಾದರೋ ಹಿಂದಿ ಅಥವಾ ಇಂಗ್ಲಿಷ್ ಇದ್ದರೆ ಸಾಕೆನ್ನುತ್ತದೆ, ಬೇರೆ ಭಾಷೆಯನ್ನು ಸೇರಿಸಲು ಅಡ್ಡಿಪಡಿಸುವುದಿಲ್ಲ. ಕಕ್ಕಸು ತೊಳೆಯುವ ದ್ರಾವಣದ ಮೇಲಿನ ಎಚ್ಚರಿಕೆ ನಮ್ಮ ಅಜ್ಜಿಯರಿಗೆ ಓದಲಾಗದೆ ಉಳಿದಿರುವುದು ಇದರಿಂದಲೇ. ರಾಜ್ಯದಲ್ಲಿ ತಯಾರಾಗುವ ಸರಕಿನ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲಿಯೂ ಇರಬೇಕೆಂದು ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022 ಹೇಳುತ್ತದೆ. ಹೊರರಾಜ್ಯಗಳಿಂದ ಬರುವ ಡಬ್ಬಿಗಳಿಗೆ ಅದು ತಾಗುವುದಿಲ್ಲ. ಎಲ್ಲ ಡಬ್ಬಿಗಳ ಮೇಲೂ ಕನ್ನಡ ಬರುವವರೆಗೆ ನಾವೇ ಅಳಿಸದ ಶಾಯಿಯ ಮಾರ್ಕರಿನಿಂದ ‘ವಿಷ’, ‘ಕಣ್ಣಿಗೆ ತಗುಲಬಾರದು’, ‘ಬ್ಲೀಚಿಂಗ್ ಜೊತೆ ಬೇಡ’ ಎಂದು ದಪ್ಪಕ್ಷರಗಳಲ್ಲಿ ಕನ್ನಡದಲ್ಲಿ ಬರೆಯಬೇಕು. ಕೊಂಕಣಿ ಮಾತನಾಡುವ ಮನೆಗಳಲ್ಲಿಯೂ ಓದಲು ಕಲಿತಿರುವುದು ಹೆಚ್ಚಾಗಿ ಕನ್ನಡವೇ ಆದ್ದರಿಂದ ಇದು ಎಲ್ಲರಿಗೂ ಉಪಯೋಗಕ್ಕೆ ಬರುತ್ತದೆ.

ಕೊಳ್ಳುವಾಗ

ಆ್ಯಸಿಡ್ಡನ್ನು ಕುರಿತು ಸುಪ್ರೀಂ ಕೋರ್ಟ್ 2013ರ ಜುಲೈ 18ರಂದು ಕೊಟ್ಟ ಆದೇಶ ಸ್ಪಷ್ಟವಾಗಿದೆ. ಮಾರುವವರು ಕೊಳ್ಳುವವರ ಹೆಸರು, ವಿಳಾಸ ಮತ್ತು ಪ್ರಮಾಣವನ್ನು ಪುಸ್ತಕದಲ್ಲಿ ದಾಖಲಿಸಬೇಕು. ಕೊಳ್ಳುವವರು ಸರ್ಕಾರ ನೀಡಿದ ಭಾವಚಿತ್ರವಿರುವ ಗುರುತಿನ ಚೀಟಿ ತೋರಿಸಿ ಕಾರಣ ಹೇಳಬೇಕು. 18 ವರ್ಷ ತುಂಬದವರಿಗೆ ಮಾರುವಂತಿಲ್ಲ. ದಾಸ್ತಾನನ್ನು ಉಪವಿಭಾಗಾಧಿಕಾರಿಗೆ ತಿಳಿಸದಿದ್ದರೆ 50,000 ರೂಪಾಯಿಯವರೆಗೆ ದಂಡ. ಒಬ್ಬ ಹೆಣ್ಣುಮಗಳ ಮುಖದ ಮೇಲೆ ಆ್ಯಸಿಡ್ ಎರಚಿದ ಪ್ರಕರಣದಿಂದ ಬಂದ ಆದೇಶವಿದು. ಹಾಗಿದ್ದೂ ಕೈಗಾಡಿಯಲ್ಲಿ ಹೆಸರಿಲ್ಲದ ಬಾಟಲಿಗಳಲ್ಲಿ ಆ್ಯಸಿಡ್ ಮನೆ ಬಾಗಿಲಿಗೇ ಬರುವುದನ್ನು ನೋಡಿದಾಗ ಮನಸ್ಸು ಕುದಿಯುತ್ತದೆ. ಅಂತಹವರಿಂದ ಕೊಳ್ಳಬೇಡಿ. ಹೊನ್ನಾವರ, ಭಟ್ಕಳದ ಕಡೆ ರಬ್ಬರ್ ಹಾಲನ್ನು ಹೆಪ್ಪುಗಟ್ಟಿಸಲು ತರುವ ಫಾರ್ಮಿಕ್ ಆ್ಯಸಿಡ್ಡನ್ನೂ ಇಷ್ಟೇ ಎಚ್ಚರದಿಂದ ನೋಡಬೇಕು. ನೀರಿನಂತೆ ಬಣ್ಣವಿಲ್ಲದ ಆ ದ್ರವ ಗಂಟಲನ್ನೂ ಅನ್ನನಾಳವನ್ನೂ ಸುಟ್ಟುಬಿಡುತ್ತದೆ.

ತೋಟದ ಮದ್ದನ್ನು ‘ಅರ್ಧ ಲೀಟರ್ ಸಾಕು’ ಎಂದು ದೊಡ್ಡ ಡಬ್ಬಿಯಿಂದ ಸುರಿಸಿಕೊಂಡು ತರುವುದು ಬೇಡ. ಮುದ್ರೆ ಒಡೆಯದ ಚಿಕ್ಕ ಡಬ್ಬಿಯನ್ನು ಬಿಲ್ಲಿನೊಂದಿಗೆ ತನ್ನಿ, ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆ ಬರೆಸಿ. ಕಣಜದ ಧಾನ್ಯಕ್ಕೆ ಬೀಳುವ ಹುಳುವಿಗೆಂದು ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳನ್ನು ಸರ್ಕಾರಿ ಸಂಸ್ಥೆಗಳು ಮತ್ತು ಅನುಮತಿ ಪಡೆದ ಕೀಟ ನಿಯಂತ್ರಣದವರು ಮಾತ್ರ ಬಳಸಬಹುದು. ಗಾಳಿಯ ತೇವ ತಾಗಿದರೆ ಸಾಕು, ಅದು ಫಾಸ್ಫೀನ್ ಎಂಬ ಪ್ರಾಣಾಂತಿಕ ಅನಿಲವನ್ನು ಹೊರಬಿಡುತ್ತದೆ; ನಮ್ಮ ಜಿಲ್ಲೆಯ ಮಳೆಗಾಲದ ಗಾಳಿಯಲ್ಲಿ ತೇವಕ್ಕೆ ಕೊರತೆಯಿಲ್ಲ. ಯಾರಾದರೂ ಗುಟ್ಟಾಗಿ ಕೊಟ್ಟರೂ ಮನೆಗೆ ತರಬಾರದು. ಗೋಡೆಗೆ ಬಳಿಯುವ ಬಣ್ಣದ ಡಬ್ಬಿಯ ಮೇಲೆ ಸೀಸದ ಪ್ರಮಾಣ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಿಲ್ಲವೆಂಬ ಘೋಷಣೆ ಇದೆಯೇ ಎಂದು ನೋಡಿದರೆ ಸಾಕು. 2017ರ ನವೆಂಬರ್ 1ರಿಂದ ಅದು ಕಡ್ಡಾಯ.

ಮಳೆಗಾಲದಲ್ಲಿ ಲೇಬಲ್ ಉಳಿಸುವುದು

ಲೇಬಲ್ ಸುಲಭವಾಗಿ ಕಿತ್ತುಬರದಂತೆ ಅಂಟಿಸಿರಬೇಕೆಂದು ಕೀಟನಾಶಕ ನಿಯಮವೇನೋ ಹೇಳುತ್ತದೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಟ್ಟಿಗೆಯ ಅಟ್ಟದಲ್ಲಿ ಇಟ್ಟ ಕಾಗದ ಏನಾಗುತ್ತದೆ ಎಂಬುದು ಘಟ್ಟದ ಮೇಲಿನ ಪ್ರತಿಯೊಬ್ಬರಿಗೂ ಗೊತ್ತು: ಬೂಷ್ಟು ಹಿಡಿಯುತ್ತದೆ, ಅಂಟು ಬಿಡುತ್ತದೆ, ಗೆದ್ದಲೋ ಜಿರಳೆಯೋ ತಿನ್ನುತ್ತದೆ. ಕರಾವಳಿಯಲ್ಲಿ ಉಪ್ಪುಗಾಳಿಗೆ ತಗಡಿನ ಡಬ್ಬಿಯೇ ತುಕ್ಕು ಹಿಡಿದು ಸೋರತೊಡಗುತ್ತದೆ. ದೀಪಾವಳಿಯ ಹೊತ್ತಿಗೆ ಶುಚಿ ಮಾಡಲು ಹೊರಟಾಗ ಯಾವುದು ಏನೆಂದು ತಿಳಿಯದ ನಾಲ್ಕು ಡಬ್ಬಿಗಳು ಸಿಗದ ಮನೆ ಅಪರೂಪ.

ಇದಕ್ಕೆ ನಾನು ಹಲವು ವರ್ಷಗಳಿಂದ ಅನುಸರಿಸುತ್ತಿರುವ ಕ್ರಮ ಹೀಗಿದೆ. ಡಬ್ಬಿ ಮನೆಗೆ ಬಂದ ದಿನವೇ ಲೇಬಲ್ಲಿನ ನಾಲ್ಕೂ ಬದಿಗಳ ಮತ್ತು ಕರಪತ್ರದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು, ಮನೆಯ ಎಲ್ಲರಿಗೂ ಕಳಿಸಿಡುತ್ತೇನೆ. ಲೇಬಲ್ಲಿನ ಮೇಲೆ ಅಗಲವಾದ ಪಾರದರ್ಶಕ ಟೇಪನ್ನು ಸುತ್ತ ಒಂದು ಪೂರ್ತಿ ಸುತ್ತು ಬರುವಂತೆ ಅಂಟಿಸುತ್ತೇನೆ. ಕರಪತ್ರವನ್ನು ಪ್ಲಾಸ್ಟಿಕ್ ಚೀಲದೊಳಗೆ ಮಡಿಸಿ ರಬ್ಬರ್ ಬ್ಯಾಂಡಿನಿಂದ ಆ ಡಬ್ಬಿಗೇ ಕಟ್ಟುತ್ತೇನೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಲು 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣದ ಲೆಕ್ಕದಲ್ಲಿ ತರುವಾಗ ಪ್ರತಿ ವರ್ಷ ಸ್ವಲ್ಪ ಮೈಲುತುತ್ತು ಉಳಿಯುತ್ತದೆ. ನೀಲಿ ಕಲ್ಲುಸಕ್ಕರೆಯಂತೆ ಹೊಳೆಯುವ ಅದು ಮಕ್ಕಳ ಕಣ್ಣಿಗೆ ಬೇಗ ಬೀಳುತ್ತದೆ. ಅದನ್ನು ಬಂದ ಚೀಲದ ಸಮೇತ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದೊಳಗೆ ಇಟ್ಟು, ಹೊರಗೂ ಹೆಸರು ಬರೆದು, ಬೀಗ ಹಾಕುವ ಪೆಟ್ಟಿಗೆಗೆ ಸೇರಿಸಬೇಕು. ಮಂಗನ ಕಾಯಿಲೆಯ ಉಣುಗಿನಿಂದ ರಕ್ಷಣೆಗೆಂದು ಸಿದ್ದಾಪುರದ ಕಡೆ ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ ಚರ್ಮಕ್ಕೆ ಹಚ್ಚಲು ಮಾತ್ರ. ಅದನ್ನು ತಲೆಗೆ ಹಚ್ಚುವ ಎಣ್ಣೆಯ ಸಾಲಿನಲ್ಲಿ ಇಡಬಾರದು.

ಪೆಟ್ಟಿಗೆ ಎಲ್ಲಿರಬೇಕು? ಮಕ್ಕಳ ಕೈಗೆ ಎಟುಕದಂತೆ, ಆದರೆ ಹಿರಿಯರ ಎದೆಯ ಮಟ್ಟಕ್ಕಿಂತ ಮೇಲಲ್ಲ. ನಾಗಂದಿಗೆಯ ಮೇಲಿನಿಂದ ಇಳಿಸುವಾಗ ಮುಖದ ಮೇಲೆ ಚೆಲ್ಲಿದರೆ ಕಣ್ಣಿಗೇ ಅಪಾಯ. ದನಗಳ ಹಿಂಡಿಯ ಪಕ್ಕದಲ್ಲಿಯೂ ಬೇಡ. ಬಾವಿಗೆ ಹಾಕಲು ತಂದ ಬ್ಲೀಚಿಂಗ್ ಪುಡಿಗೆ ಪ್ರತ್ಯೇಕ ಜಾಗ ಬೇಕು, ಏಕೆಂದರೆ ಅದು ತೇವ ಹೀರಿ ಸತ್ವ ಕಳೆದುಕೊಳ್ಳುತ್ತದೆ ಮತ್ತು ಆ್ಯಸಿಡ್ ತಾಗಿದರೆ ಕ್ಲೋರಿನ್ ಅನಿಲ ಬಿಡುತ್ತದೆ. ಕಕ್ಕಸು ತೊಳೆಯುವ ದ್ರಾವಣಗಳಲ್ಲಿ ಸಾಮಾನ್ಯವಾಗಿ ಇರುವುದು ಹೈಡ್ರೋಕ್ಲೋರಿಕ್ ಆ್ಯಸಿಡ್. ಪಾಚಿ ಬೇಗ ಹೋಗಲೆಂದು ಬಚ್ಚಲಿನಲ್ಲಿ ಎರಡನ್ನೂ ಒಟ್ಟಿಗೆ ಸುರಿದು ಬಾಗಿಲು ಹಾಕಿಕೊಂಡು ಉಜ್ಜುವವರು, ಶ್ವಾಸಕೋಶವನ್ನು ಸುಡುವ ಅನಿಲವನ್ನು ತಾವೇ ತಯಾರಿಸಿ ಉಸಿರಾಡುತ್ತಿರುತ್ತಾರೆ. ‘ಬೇರೆ ದ್ರಾವಣದೊಂದಿಗೆ ಬೆರೆಸಬೇಡಿ’ ಎಂದು ಚಿಕ್ಕ ಅಕ್ಷರಗಳಲ್ಲಿರುವ ಸಾಲಿನ ಅರ್ಥ ಇದೇ.

ಅಡುಗೆ ಅನಿಲದ ಸಿಲಿಂಡರಿಗೂ ಲೇಬಲ್ ಇದೆ, ಅದು ಲೋಹದ ಮೇಲೆ ಇದೆ ಅಷ್ಟೆ. ಹಿಡಿಕೆಯನ್ನು ಹೊತ್ತ ಪಟ್ಟಿಗಳ ಒಳಬದಿಯಲ್ಲಿ ಎ, ಬಿ, ಸಿ, ಡಿ ಅಕ್ಷರಗಳಲ್ಲೊಂದು ಮತ್ತು ವರ್ಷದ ಕೊನೆಯ ಎರಡು ಅಂಕಿಗಳು ಇರುತ್ತವೆ. ಎ ಎಂದರೆ ಜನವರಿಯಿಂದ ಮಾರ್ಚ್, ಡಿ ಎಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಮರುಪರೀಕ್ಷೆಯ ಆ ಗಡುವು ದಾಟಿದ ಸಿಲಿಂಡರನ್ನು ಬಾಗಿಲಲ್ಲಿಯೇ ಹಿಂದಿರುಗಿಸಿ. ಸೋರಿಕೆಯ ದೂರಿಗೆ ಸಂಖ್ಯೆ 1906.

ಖಾಲಿ ಡಬ್ಬಿ, ಹಳೆಯ ಮದ್ದು

ಬಳಸಿದ ಕೀಟನಾಶಕದ ಡಬ್ಬಿ ಮತ್ತೆ ಬಳಕೆಗೆ ಸಿಗದಂತೆ ಮಾಡಬೇಕೆಂಬುದು 1971ರ ನಿಯಮಗಳಲ್ಲಿಯೇ ಇದೆ. ಮೂರು ಬಾರಿ ತೊಳೆದು, ಆ ನೀರನ್ನು ಸಿಂಪಡಣೆಯ ಟ್ಯಾಂಕಿಗೇ ಸುರಿದು, ಡಬ್ಬಿಗೆ ತೂತು ಮಾಡಿ. ಹಳ್ಳದಲ್ಲಿಯೋ ಕೆರೆಯಲ್ಲಿಯೋ ತೊಳೆಯಬಾರದು. ಅಘನಾಶಿನಿಗೆ ಸೇರುವ ಹಳ್ಳದ ನೀರು ಕೊನೆಗೆ ಮುಟ್ಟುವುದು ಕುಮಟಾದ ಅಳಿವೆಯಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವವರ ಬುಟ್ಟಿಯನ್ನು. ಬಣ್ಣದ ಡಬ್ಬಿ, ಕೀಟನಾಶಕದ ಡಬ್ಬಿ, ಟ್ಯೂಬ್‌ಲೈಟ್, ಒಡೆದ ಪಾದರಸದ ಥರ್ಮಾಮೀಟರ್, ಹಳೆಯ ಔಷಧ, ಬ್ಯಾಟರಿ ಇವನ್ನು 2016ರ ಘನತ್ಯಾಜ್ಯ ನಿಯಮಗಳು ಗೃಹ ಅಪಾಯಕಾರಿ ತ್ಯಾಜ್ಯವೆಂದು ಪ್ರತ್ಯೇಕವಾಗಿ ಗುರುತಿಸಿದವು. ಇವನ್ನು ಒಣ ಕಸದಲ್ಲಿ ಬೆರೆಸದೆ ಬೇರೆ ಚೀಲದಲ್ಲಿ ಹೆಸರು ಬರೆದು ಕಸದ ವಾಹನದವರಿಗೆ ತಿಳಿಸಿ ಕೊಡಬೇಕು. ನಮ್ಮ ಪಂಚಾಯಿತಿಗಳಲ್ಲಿ ಇದಕ್ಕೆ ಸರಿಯಾದ ಏರ್ಪಾಡು ಬರಲೆಂದು ಗ್ರಾಮಸಭೆಯಲ್ಲಿ ಲಿಖಿತವಾಗಿ ಕೇಳುವುದೂ ನಮ್ಮ ಕೆಲಸವೇ.

ಹಳೆಯ ಗೇರು ತೋಟವಿದ್ದ ಮನೆಗಳವರು ಅಟ್ಟವನ್ನು ಇನ್ನೊಮ್ಮೆ ನೋಡಿಕೊಳ್ಳಿ. ಗೇರಿಗೆ ಹೊಡೆಯುತ್ತಿದ್ದ ಎಂಡೋಸಲ್ಫಾನ್ ಎಂಬ ಕೀಟನಾಶಕದ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ಸುಪ್ರೀಂ ಕೋರ್ಟ್ 2011ರ ಮೇ 13ರಂದು ತಡೆಯಿತು. ಅದರ ಸಿಂಪಡಣೆಯಿಂದ ನೊಂದ ಕುಟುಂಬಗಳು ನಮ್ಮ ಜಿಲ್ಲೆಯಲ್ಲಿಯೂ ಇವೆ. ಡಬ್ಬಿ ಸಿಕ್ಕಿದರೆ ತೆರೆಯದೆ, ಹೂಳದೆ, ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ.

ವಿಷ ದೇಹ ಸೇರಿದರೆ

ಮೊದಲು 108ಕ್ಕೆ ಕರೆ ಮಾಡಿ. ಉಪ್ಪುನೀರು, ಹುಣಸೆ ನೀರು ಕುಡಿಸಿ ವಾಂತಿ ಮಾಡಿಸಬೇಡಿ. ಆ್ಯಸಿಡ್ ಮೇಲೆ ಬರುವಾಗ ಎರಡನೆಯ ಬಾರಿ ಸುಡುತ್ತದೆ, ಸೀಮೆಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಕಣ್ಣಿಗೋ ಚರ್ಮಕ್ಕೋ ತಗುಲಿದ್ದರೆ, ಬಟ್ಟೆ ತೆಗೆದು, ಹರಿಯುವ ಶುದ್ಧ ನೀರಿನಲ್ಲಿ 15ರಿಂದ 20 ನಿಮಿಷ ತೊಳೆಯಿರಿ. ಡಬ್ಬಿಯನ್ನೋ ಅದರ ಲೇಬಲ್ಲಿನ ಚಿತ್ರವನ್ನೋ ರೋಗಿಯ ಜೊತೆಯಲ್ಲಿಯೇ ಒಯ್ಯಿರಿ. ತಾಲೂಕು ಆಸ್ಪತ್ರೆಯಿಂದ ಕಾರವಾರಕ್ಕೋ ಹುಬ್ಬಳ್ಳಿಗೋ ಮಣಿಪಾಲಕ್ಕೋ ಕಳಿಸಬೇಕಾಗಿ ಬಂದಾಗ ಘಟ್ಟದ ದಾರಿಯಲ್ಲಿ ಗಂಟೆಗಳೇ ಕಳೆಯುತ್ತವೆ. ರಸಾಯನಿಕದ ಹೆಸರು ಮೊದಲ ವೈದ್ಯರಿಗೇ ತಿಳಿದರೆ ಪ್ರತಿವಿಷ ಅಲ್ಲಿಯೇ ಶುರುವಾಗಬಹುದು. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಶುಲ್ಕರಹಿತ ಸಂಖ್ಯೆ 1800 116 117. ಅದನ್ನು ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿ ಬರೆದಿಡಿ.

ಲೇಬಲ್ ತಪ್ಪಾಗಿದ್ದರೆ

ಕೀಟನಾಶಕದ ಲೇಬಲ್ಲಿನಲ್ಲಿ ತ್ರಿಕೋನ, ನೋಂದಣಿ ಸಂಖ್ಯೆ ಇಲ್ಲದಿದ್ದರೆ ತಾಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಚೇರಿಗೆ, ಬೆಲೆ, ತೂಕ, ದಿನಾಂಕದ ಲೋಪವಿದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ಬರೆದು ಕೊಡಿ. ಯಾವುದೆಂದು ತಿಳಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಸರಿಯಾದ ಎಚ್ಚರಿಕೆ ಕೊಡದ ಕಾರಣ ಮನೆಯವರಿಗೆ ಹಾನಿಯಾಗಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ತಯಾರಕರನ್ನೇ ಹೊಣೆಗಾರರನ್ನಾಗಿ ಮಾಡುತ್ತದೆ. ದೂರನ್ನು ಎರಡು ವರ್ಷಗಳೊಳಗೆ ಕಾರವಾರದಲ್ಲಿರುವ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಕೊಡಬೇಕು. ಸರಕಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಆನ್‌ಲೈನ್‌ನಲ್ಲಿಯೂ ಸಲ್ಲಿಸಬಹುದಾದ್ದರಿಂದ ಹಳಿಯಾಳ, ಜೋಯಿಡಾದವರು ದೂರು ಕೊಡುವುದಕ್ಕೆಂದೇ ಘಟ್ಟ ಇಳಿಯಬೇಕಾಗಿಲ್ಲ. ಬಿಲ್ಲು, ಲೇಬಲ್ಲಿನ ಚಿತ್ರ, ಆಸ್ಪತ್ರೆಯ ಕಾಗದಗಳೊಂದಿಗೆ, ತೊಳೆಯದ ಆ ಬಾಟಲಿಯನ್ನೂ ಮುಚ್ಚಳ ಬಿಗಿದು ತೆಗೆದಿಡಿ.